ಅರಳುಮರಳು ಎನ್ನುವವರ ಕಣ್ಣೀರು

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ಹಾನಗಲ್ಲಿನ ಅಧ್ಯಾಪಕರೊಬ್ಬರ ಮನೆಯಲ್ಲಿ ನಾವು ಹದಿನಾಲ್ಕು ಮಂದಿ ಕೂಡಿ ‘ಐರಿಸ್’ ಎಂಬ ಇಂಗ್ಲಿಷ್ ಚಿತ್ರ ನೋಡಿದೆವು. ಊರಿನವರು ಆರೇಳು ಮಂದಿ, ಸವಣೂರಿನಿಂದ ಮೂವರು, ಹಿರೇಕೆರೂರಿನಿಂದ ಒಂದೇ ಬೈಕಿನ ಮೇಲೆ ಬಂದ ಇಬ್ಬರು ಕವಿಗಳು, ಶಿಗ್ಗಾಂವಿಯಿಂದ ನಾನು ಮತ್ತೊಬ್ಬರು. ಗೋಡೆಗೆ ಬಿಳಿ ಧೋತರ ಕಟ್ಟಿ ಪ್ರೊಜೆಕ್ಟರ್ ಹಚ್ಚಿದ್ದರು. ಹೆಂಗಸರೆಂದರೆ ನಾವು ಮೂವರೇ. ನಾಲ್ಕನೆಯವರು ಮನೆಯೊಡತಿ, ಅವರು ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತ, ನಡುನಡುವೆ ಬಾಗಿಲಿಗೆ ಬಂದು ನಿಂತು, ಎಣ್ಣೆ ಕಾದೀತೆಂದು ಮತ್ತೆ ಒಳಗೆ ಓಡುತ್ತ ಚಿತ್ರ ನೋಡಿದರು. ನಾನೂ ಪೂರ್ತಿ ನೋಡಲಿಲ್ಲ. ಮನೆಯಿಂದ ಎರಡು ಸಲ ಫೋನ್ ಬಂತು. ಒಂದು, ಅಮ್ಮಾನ ರಾತ್ರಿಯ ಗುಳಿಗೆ ಯಾವುದು ಎಂದು. ಇನ್ನೊಂದು, ಅವರು ನನ್ನ ಗಂಡನನ್ನು, ಅಂದರೆ ತಮ್ಮ ಹೊಟ್ಟೆಯ ಮಗನನ್ನು, ಮನೆಗೆ ನುಗ್ಗಿದ ಪರಗಂಡಸು ಎಂದುಕೊಂಡು ಚೀರುತ್ತಿದ್ದಾರೆ, ಏನು ಮಾಡಲಿ ಎಂದು. ತೊಂಬತ್ತು ನಿಮಿಷದ ಚಿತ್ರದಲ್ಲಿ ಹತ್ತು ಹನ್ನೆರಡು ನಿಮಿಷವನ್ನು ನಾನು ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತು ಕಳೆದೆ.

ಚಿತ್ರ ಮುಗಿದಾಗ ಎಲ್ಲರ ಕಣ್ಣೂ ಒದ್ದೆಯಾಗಿದ್ದವು. ನನ್ನ ತಕರಾರು ಆ ಕಣ್ಣೀರಿನದ್ದು.

ನೋಡದವರಿಗಾಗಿ ಎರಡು ಮಾತು. ಐರಿಸ್ ಮರ್ಡಾಕ್ 1919ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ತತ್ವಶಾಸ್ತ್ರ ಕಲಿಸುತ್ತ 26 ಕಾದಂಬರಿ ಬರೆದ ಹೆಣ್ಣುಮಗಳು. 1978ರಲ್ಲಿ ಬುಕರ್ ಪ್ರಶಸ್ತಿ ಬಂತು. (ನಮ್ಮ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಬಂದದ್ದು ಇಂಟರ್‌ನ್ಯಾಷನಲ್ ಬುಕರ್; ಇದು ಅದರ ಅಕ್ಕ.) 1995ರಲ್ಲಿ ಕೊನೆಯ ಕಾದಂಬರಿ ಹೊರಬಂದಾಗಲೇ ಆಕೆಗೆ ಮಾತು ಸಿಗುವುದು ಕಷ್ಟವಾಗಿತ್ತು. ಅದು ಅಲ್ಜೈಮರ್ ಕಾಯಿಲೆ. 1999ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಾಯಿಲೆಯ ಉದ್ದಕ್ಕೂ ನೋಡಿಕೊಂಡವರು ಗಂಡ ಜಾನ್ ಬೇಯ್ಲಿ, ಅವರೂ ಆಕ್ಸ್‌ಫರ್ಡಿನ ಪ್ರೊಫೆಸರು. ಅವರು ಬರೆದ ನೆನಪಿನ ಪುಸ್ತಕವನ್ನು ಆಧರಿಸಿ ರಿಚರ್ಡ್ ಏರ್ 2001ರಲ್ಲಿ ಈ ಚಿತ್ರ ಮಾಡಿದರು. ಮುದಿ ಐರಿಸ್ ಆಗಿ ಜೂಡಿ ಡೆಂಚ್, ಹರೆಯದ ಐರಿಸ್ ಆಗಿ ಕೇಟ್ ವಿನ್ಸ್ಲೆಟ್. ಗಂಡನ ಪಾತ್ರದ ಜಿಮ್ ಬ್ರಾಡ್‌ಬೆಂಟ್‌ಗೆ ಆಸ್ಕರ್ ಸಿಕ್ಕಿತು. ಒಬ್ಬರಿಗಿಂತ ಒಬ್ಬರು ಚಂದ ಮಾಡಿದ್ದಾರೆ. ಆ ಕುರಿತು ನನ್ನ ಜಗಳವಿಲ್ಲ. ಒಂದು ಕೊರತೆ ಮಾತ್ರ ಕತೆ ಬರೆಯುವವಳಾಗಿ ಹೇಳಬೇಕು: ಚಿತ್ರದಲ್ಲಿ ಐರಿಸ್ ಈಜುವುದು ಕಾಣುತ್ತದೆ, ಪ್ರೀತಿಸುವುದು ಕಾಣುತ್ತದೆ, ಮರೆಯುವುದು ಕಾಣುತ್ತದೆ, 26 ಕಾದಂಬರಿ ಬರೆದದ್ದು ಯಾವಾಗ ಎಂಬುದು ಕಾಣುವುದಿಲ್ಲ. ಅದೇ ಗಂಡಸು ಬರಹಗಾರನ ಚಿತ್ರವಾಗಿದ್ದರೆ ಮೇಜು, ಲೇಖನಿ, ಮಧ್ಯರಾತ್ರಿಯ ದೀಪ ಎಲ್ಲ ಬರುತ್ತಿದ್ದವು.

ಮಿರ್ಚಿ ತಿನ್ನುತ್ತ ಚರ್ಚೆ ಸುರುವಾಯಿತು. ಹಿರೇಕೆರೂರಿನ ಹಿರಿಯ ಕವಿ ಕನ್ನಡಕ ಒರೆಸಿಕೊಂಡು, “ಎಂಥಾ ಗಂಡ್ರೀ ಅಂವಾ! ಋಷಿ ಇದ್ದಂಗ” ಎಂದರು. ಹಾನಗಲ್ಲಿನ ಇನ್ನೊಬ್ಬರು, “ನೋಡ್ರಿ, ಆ ದೇಶದಾಗ ಇಂಥ ಒಬ್ಬ ಗಂಡ ಇದ್ದದ್ದಕ್ಕ ಸಿನಿಮಾ ತಗದ್ರು. ನಮ್ಮಲ್ಲಿ ಕೂಡುಕುಟುಂಬ ಐತಿ. ಹಿರಿಯರನ್ನ ಎಲ್ಲಾರೂ ನೋಡ್ಕೋತಾರ. ಈ ರೋಗನ ನಮ್ಮ ಕಡೆ ಕಮ್ಮಿ” ಎಂದರು. ಮೂರನೆಯವರು ನಗುತ್ತ ಮುಗಿಸಿದರು: “ಅರವತ್ತಕ್ಕ ಅರಳುಮರಳು ಅಂತ ನಮ್ಮ ಹಿರಿಯರು ಆವಾಗನ ಹೇಳ್ಯಾರಲ್ರೀ. ಅದಕ್ಕ ಇವರು ಇಂಗ್ಲಿಷಿನ್ಯಾಗ ಒಂದು ಹೆಸರಿಟ್ಟಾರ, ಅಷ್ಟ.”

ಇವರೆಲ್ಲ ಓದಿದವರು, ಸಜ್ಜನರು, ನನ್ನ ಕತೆಗಳನ್ನು ಓದಿ ಬೆನ್ನು ತಟ್ಟಿದವರು. ಅದಕ್ಕೇ ಈ ಮಾತುಗಳಿಗೆ ಉತ್ತರ ಬರೆಯಬೇಕಾಯಿತು. ಆ ಸಂಜೆ ನಾನು ಏನೂ ಹೇಳಲಿಲ್ಲ. ಕಡೆಯ ಬಸ್ಸು ತಪ್ಪುತ್ತಿತ್ತು.

ಮೊದಲು ಅರಳುಮರಳಿನ ಮಾತು. ಆ ಶಬ್ದದ ಸೊಕ್ಕು ಮುರಿದು ಮತ್ತೆ ಅರಳುವುದು ಎಂಬ ಅರ್ಥ ಹೊಮ್ಮುವಂತೆ ಮಾಡಿದವರು ಬೇಂದ್ರೆ ಒಬ್ಬರೇ. ಆ ಹೆಸರಿನ ಅವರ ಕವನಸಂಗ್ರಹಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಉಳಿದ ನಮ್ಮೆಲ್ಲರ ಬಾಯಲ್ಲಿ ಅದು ಬೈಗುಳ, ಇಲ್ಲವೇ ಚಾಷ್ಟಿ. ಮುದುಕಿ ಒಲೆಯ ಮೇಲೆ ಬರೀ ಪಾತ್ರೆ ಇಟ್ಟು ಮರೆತಳು, ಅರಳುಮರಳು. ಉಂಡಿದ್ದರೂ ಸೊಸೆ ಕೂಳು ಹಾಕಿಲ್ಲ ಎಂದು ನೆರೆಮನೆಗೆ ಹೇಳಿದಳು, ಅರಳುಮರಳು. ಹೀಗೆ ಒಂದು ಶಬ್ದ ಹಚ್ಚಿಬಿಟ್ಟರೆ ಡಾಕ್ಟರ ಹತ್ತಿರ ಹೋಗುವ ಖರ್ಚು ಉಳಿಯುತ್ತದೆ. ವಯಸ್ಸಾದ ಮೇಲೆ ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳುವುದು ಬೇರೆ. ಎರಡನೆಯದು ಮುಪ್ಪಿನ ಗುಣವಲ್ಲ, ಮಿದುಳಿನ ರೋಗ. ಅದಕ್ಕಿಂತ ಮುಖ್ಯವಾದದ್ದು: ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಏರುಪೇರು, ಮನಸ್ಸು ಕುಗ್ಗಿಸುವ ಖಿನ್ನತೆ ಇವೂ ಮರೆವಿನ ರೋಗದಂತೆಯೇ ಕಾಣಿಸಿಕೊಳ್ಳುತ್ತವೆ. ಇವಕ್ಕೆ ಔಷಧವಿದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿದು, ಇಂಜೆಕ್ಷನ್ ಇಲ್ಲವೇ ಗುಳಿಗೆಯಲ್ಲಿ ಸುಧಾರಿಸಬಹುದಾದ ಎಷ್ಟು ಮುದುಕಿಯರನ್ನು ನಮ್ಮ ನಾಲ್ಕು ತಾಲೂಕುಗಳಲ್ಲಿ ಈ ಗಾದೆ ಮೂಲೆಗೆ ಕೂರಿಸಿದೆಯೋ!

ನಮ್ಮ ಕಡೆ ಕಮ್ಮಿ ಎಂಬ ಮಾತೂ ಸುಳ್ಳು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ ಇದೆ. ಲೆಕ್ಕ ಹಾಕಿದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಇದು ಆಕ್ಸ್‌ಫರ್ಡಿನ ರೋಗವಲ್ಲ ಸ್ವಾಮಿ, ಇದು ನಮ್ಮ ಹಳ್ಳಿಯ ಓದುಬರಹವಿಲ್ಲದ ಅಜ್ಜಿಯ ರೋಗ. 2024ರ ಲ್ಯಾನ್ಸೆಟ್ ಆಯೋಗವು ಈ ರೋಗಕ್ಕೆ ದಾರಿ ಮಾಡುವ 14 ಕಾರಣಗಳನ್ನು ಪಟ್ಟಿ ಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ ಅದರಲ್ಲಿವೆ. ಚಿಕ್ಕಂದಿನಲ್ಲಿ ಶಾಲೆ ಸಿಗದಿರುವುದೂ ಇದೆ. ನಮ್ಮ ಅತ್ತೆಯನ್ನು ಉರ್ದು ಶಾಲೆಯ ಮೂರನೇ ಇಯತ್ತೆಯಲ್ಲಿ ಬಿಡಿಸಿದರಂತೆ, ತಮ್ಮಂದಿರನ್ನು ಎತ್ತಿಕೊಳ್ಳಲು. ಆ ತಮ್ಮಂದಿರು ಓದಿ ನೌಕರಿ ಹಿಡಿದರು. ಹೆಣ್ಣುಮಗುವಿಗೆ ಓದು ಯಾಕೆ ಎನ್ನುವವರು ಇಂದಿಗೂ ನಮ್ಮ ಓಣಿಗಳಲ್ಲಿದ್ದಾರೆ. ಆ ಸಾಲವನ್ನು ಎಪ್ಪತ್ತನೇ ವಯಸ್ಸಿನಲ್ಲಿ ಯಾರು ತೀರಿಸುತ್ತಾರೆ ಎಂದು ಅವರು ಕೇಳಿಕೊಂಡಿಲ್ಲ.

ಅತ್ತೆಯ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಅವರ ತವರು ಹಿರೇಕೆರೂರು ಹತ್ತಿರದ ಹಳ್ಳಿ. ಮದುವೆಯಾಗಿ ಶಿಗ್ಗಾಂವಿಗೆ ಬಂದು ಐವತ್ತು ವರುಷದ ಮೇಲಾಯಿತು. ಆರು ವರುಷಗಳಿಂದ ಮರೆವು. ದಿನಾ ಅಸರ್ ನಮಾಜಿನ ಹೊತ್ತಿಗೆ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. “ಮೇರೆಕು ಘರ್ಕು ಜಾನಾ ಗೇ.” ಮನೆಗೆ ಹೋಗಬೇಕು. ಇದೇ ಮನೆ ಅಮ್ಮಾ ಎಂದರೆ ನನ್ನನ್ನು ಪಾಪದವಳಂತೆ ನೋಡುತ್ತಾರೆ. ತವರಿನ ಆ ಮನೆ ಬಿದ್ದು ಹೋಗಿ, ಜಾಗ ಮಾರಾಟವಾಗಿ, ಅಲ್ಲೀಗ ಸಿಮೆಂಟಿನ ಅಂಗಡಿ ಇದೆ. ಒಮ್ಮೆ ನಾನು ಸ್ನಾನಕ್ಕೆ ಹೋದಾಗ ಹೊರಬಿದ್ದು ಬಸ್ಸು ಹತ್ತಿದ್ದರು. ಟಿಕೆಟಿಗೆ ದುಡ್ಡಿರಲಿಲ್ಲ, ಯಾವ ಊರಮ್ಮ ಎಂದರೆ ಅಪ್ಪನ ಹೆಸರು ಹೇಳುತ್ತಿದ್ದರಂತೆ. ಪುಣ್ಯಾತ್ಮ ಕಂಡಕ್ಟರ್ ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಚಹಾ ಕುಡಿಸಿ, ಶಿಗ್ಗಾಂವಿಯ ಬಸ್ಸಿನವರ ಕೈಗೆ ಒಪ್ಪಿಸಿದ್ದರು. ಅಂದಿನಿಂದ ನಾನು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬಚ್ಚಲಿಗೆ ಹೋಗುತ್ತೇನೆ. ಹೌದು, ಚಿಲಕ ಹಾಕುತ್ತೇನೆ.

ಈಗ ಕೂಡುಕುಟುಂಬದ ಮಾತಿಗೆ ಬರೋಣ. ಅತ್ತೆಗೆ ನಾಲ್ವರು ಗಂಡುಮಕ್ಕಳು. ಸುರುವಿನಲ್ಲಿ ನಮ್ಮಲ್ಲೂ ಎಲ್ಲರ ಮನೆಯಂತೆ ಪಾಳಿ ಇತ್ತು: ತಿಂಗಳಿಗೊಬ್ಬ ಮಗ. ಹೊಲ, ಮನೆ, ತಾಮ್ರದ ಹಂಡೆ ಹಂಚಿಕೊಂಡಂತೆ ತಾಯಿಯನ್ನೂ ಹಂಚಿಕೊಳ್ಳುವ ನ್ಯಾಯ ಇದು. ಹಿಂದೂ ಮುಸ್ಲಿಂ ಭೇದವಿಲ್ಲದೆ ನಡೆದಿದೆ. ಮರೆವಿನವರಿಗೆ ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಬಚ್ಚಲು ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ತಿಂಗಳು ಮುಗಿದು ಮನೆ ಬದಲು. ಹಾಸಿಗೆ ಒದ್ದೆಯಾಗತೊಡಗಿದ ಮೇಲೆ ಪಾಳಿ ತಾನಾಗಿಯೇ ನಿಂತಿತು. ಒಬ್ಬರಿಗೆ ಮಕ್ಕಳ ಪರೀಕ್ಷೆ, ಒಬ್ಬರಿಗೆ ಬಾಡಿಗೆಮನೆ ಸಣ್ಣದು, ಒಬ್ಬರು ಗಲ್ಫಿನಲ್ಲಿ. ಉಳಿದದ್ದು ನಾನು, ‘ಹೆಂಗೂ ಮನೆಯಲ್ಲೇ ಕೂತು ಬರೆಯುವವಳು’. ನನ್ನ ಗಂಡ ಒಳ್ಳೆಯ ಮನುಷ್ಯರೇ. ತಾಯಿಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ದುಕಾನಿಗೆ ಹೋಗುತ್ತಾರೆ. ಅದರ ಮೇಲೆ ರಾತ್ರಿ ಒಂಬತ್ತರವರೆಗೆ ಉಳಿದದ್ದೆಲ್ಲ ನನ್ನ ಪಾಲು. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂಬ ವಾಕ್ಯದ ಕರ್ತೃಪದ ಯಾವಾಗಲೂ ಒಬ್ಬ ಹೆಂಗಸು. ವ್ಯಾಕರಣದಲ್ಲಿ ಆಕೆ ಲೋಪವಾಗಿರುತ್ತಾಳೆ, ಅಷ್ಟೇ.

ಹಾಗಾಗಿ ಬೇಯ್ಲಿಯನ್ನು ಋಷಿ ಎಂದಾಗ ನನಗೆ ಸಿಟ್ಟು ಬಂತು. ಆ ಮನುಷ್ಯನ ಮೇಲಲ್ಲ, ಅಂದವರ ಮೇಲೆ. ಆತ ಮಾಡಿದ್ದನ್ನು ನಮ್ಮಲ್ಲಿ ಓಣಿಗೊಬ್ಬ ಸೊಸೆ ಮಾಡುತ್ತಿದ್ದಾಳೆ. ಗಂಡಸು ಮಾಡಿದರೆ ತಪಸ್ಸು, ಹೆಂಗಸು ಮಾಡಿದರೆ ಅದು ಅವಳ ಕೆಲಸ. ಚಿತ್ರದಲ್ಲಿ ಅವರ ಮನೆಯ ಸ್ಥಿತಿ ನೋಡಿದಿರಾ? ಪುಸ್ತಕ, ಎಂಜಲು ತಟ್ಟೆ, ಬಟ್ಟೆ ಎಲ್ಲ ಒಂದೇ ರಾಶಿ. ಪ್ರೇಕ್ಷಕರಿಗೆ ಅದು ಪ್ರೀತಿಯ ಗುರುತಾಗಿ ಕಂಡಿತು. ನನ್ನ ಮನೆ ಹಾಗಿದ್ದರೆ ಅತ್ತೆಯನ್ನು ನೋಡಲು ಬಂದ ನೆಂಟರು ಹೊರಗೆ ಹೋಗಿ ಏನು ಮಾತಾಡುತ್ತಾರೆಂದು ನನಗೆ ಗೊತ್ತು. ಇನ್ನೊಂದು ದೃಶ್ಯ: ರಾತ್ರಿ ಹಾಸಿಗೆಯಲ್ಲಿ ಬೇಯ್ಲಿಗೆ ತಾಳ್ಮೆ ಮುರಿಯುತ್ತದೆ. ಹಳೆಯ ಪ್ರೇಮಿಗಳ ನೆನಪು ತೆಗೆದು, ಏನೂ ತಿಳಿಯದೆ ಮಲಗಿದ ಹೆಂಡತಿಯ ಮೇಲೆ ಕೂಗಾಡುತ್ತಾನೆ. ನಮ್ಮವರೆಲ್ಲ ‘ಪಾಪ’ ಎಂದರು. ನಾನೂ ಅಂದೆ. ಒಂದು ಮಧ್ಯಾಹ್ನ ಮೂರನೇ ಸಲ ಸೀರೆ ಬದಲಿಸುವಾಗ ನಾನು ಅತ್ತೆಯ ಮೇಲೆ ಹೀಗೇ ಕೂಗಿದ್ದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಶುಕ್ರವಾರದ ಹೊತ್ತಿಗೆ ಆ ಕೂಗು ಓಣಿ ದಾಟಿತ್ತು. ಮುಪ್ಪಿನ ತಂದೆತಾಯಿಯ ಮುಂದೆ ಬೇಸರದ ಒಂದು ಉಸಿರೂ ಹೊರಬರಬಾರದು ಎಂಬ ಉಪದೇಶವನ್ನು ನನಗೆ ಮೂವರು ಬಂದು ನೆನಪಿಸಿದರು. ಆ ಉಪದೇಶ ಮಕ್ಕಳಿಗೆ, ಅಂದರೆ ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇರುವುದು ಎಂದು ಆ ಮೂವರಲ್ಲಿ ಒಬ್ಬರೂ ಅವರ ನಾಲ್ವರು ಮಕ್ಕಳಿಗೆ ನೆನಪಿಸಲಿಲ್ಲ.

ತಾಯಿತ, ದಮ್ ಮಾಡಿಸಿದ ನೀರು ಎಲ್ಲ ಆಯಿತು. ಅದು ಹೋಗಲಿ. ಆದರೆ ಅತ್ತೆ ನಮಾಜಿನಲ್ಲಿ ರಕಾತ್ ಮರೆತು ಮತ್ತೆ ಮತ್ತೆ ಸುರುಮಾಡಿ, ಮೊಣಕಾಲು ಬಾತು ಬೀಳುವಾಗ, ಪಾಪ ತಟ್ಟುತ್ತದೆ ಎಂದು ಅವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ನಮ್ಮ ನೆಂಟರ ಹೆಂಗಸರಿಗೆ ಹೇಳಿದೆ: ಬುದ್ಧಿ ಸ್ಥಿಮಿತ ತಪ್ಪಿದವರ ಮೇಲೆ ನಮಾಜು ರೋಜಾದ ಹೊಣೆಯಿಲ್ಲ. ಯಾವ ಮೌಲವಿಯನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೇಳುವವರು ಬೇಕು.

ಭಾಷೆಯ ವಿಷಯ ಬೇರೆಯೇ ಇದೆ, ಅದನ್ನು ಚರ್ಚೆಯಲ್ಲಿ ಯಾರೂ ಎತ್ತಲಿಲ್ಲ. ಐರಿಸ್‌ಗೆ ಚಿತ್ರದಲ್ಲಿ ನೆನಪಿನ ಪರೀಕ್ಷೆ ಮಾಡುತ್ತಾರೆ, ಆಕೆಯದೇ ಭಾಷೆಯಲ್ಲಿ. ಆಕೆ ತೀರಿಕೊಂಡ ಮೇಲೆ ಪೀಟರ್ ಗ್ಯಾರಾರ್ಡ್ ಎಂಬ ತಜ್ಞರು ಮೊದಲ, ನಡುವಿನ ಮತ್ತು ಕೊನೆಯ ಕಾದಂಬರಿಗಳ ಶಬ್ದಗಳನ್ನು ಎಣಿಸಿ, ವಾಕ್ಯದ ಕಟ್ಟು ಉಳಿದಿದ್ದರೂ ಕೊನೆಯದರಲ್ಲಿ ಶಬ್ದಸಂಪತ್ತು ಬಡವಾಗಿದೆ ಎಂದು ತೋರಿಸಿದರು. ನಮ್ಮ ಅತ್ತೆಯ ಶಬ್ದಗಳನ್ನು ಎಣಿಸುವವರು ಯಾರು? ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರು ಕನ್ನಡದಲ್ಲಿ ಕೇಳಿದರು: ಇದು ಯಾವ ತಿಂಗಳು? ಅತ್ತೆ ಸೆರಗು ಸರಿಮಾಡಿಕೊಂಡು, “ಬಂದಾನವಾಜ್ ಕಾ ಮಹಿನಾ” ಎಂದರು. ಡಾಕ್ಟರು ತಪ್ಪು ಎಂದು ಗುರುತು ಹಾಕಿದರು. ಉತ್ತರ ಸರಿಯಿತ್ತು! ಕಲಬುರಗಿಯ ಬಂದೇ ನವಾಜರ ಉರುಸಿನ ತಿಂಗಳು ಅದು. ತೇರಾ ತೇಜಿ, ಬಾರಾ ವಫಾತ್, ಗ್ಯಾರವೀ, ಮದಾರ್ ಎಂದು ತಿಂಗಳೆಣಿಸುವ ಹೆಂಗಸಿಗೆ ಜೂನ್ ಜುಲೈ ಎಂದೂ ನೆನಪಿನಲ್ಲೇ ಇರಲಿಲ್ಲ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ಅವರು ಜೀವಮಾನವಿಡೀ ಲೆಕ್ಕ ಮಾಡಿದ್ದು ಡಜನ್ನಿನಲ್ಲಿ, ಮೊಟ್ಟೆ ಮಾರುವಾಗ. ಮರೆವು ಅವರಿಗೆ ಇತ್ತು, ನಿಜ; ಆದರೆ ಆ ಚೀಟಿಯಲ್ಲಿ ಬಿದ್ದ ಸೊನ್ನೆಗಳಲ್ಲಿ ಅರ್ಧ ಮರೆವಿನದ್ದಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಓದುಬರಹವಿಲ್ಲದ ಮುದುಕರಿಗೆ ಹೊಂದುವಂತೆ ಈ ಪ್ರಶ್ನೆಗಳನ್ನು ಹಿಂದಿಯಲ್ಲಿ ತಿದ್ದಿ ರೂಪಿಸಿದ್ದರು. ನಮ್ಮ ಸವಣೂರು ಶಿಗ್ಗಾಂವಿಯ ದಖನಿ ಆಡುವ ಮುದುಕಿಯ ಮುಂದೆ ಆ ತಿಳಿವಳಿಕೆ ಇನ್ನೂ ಬಂದು ಕೂತಿಲ್ಲ.

ಇದೇ ಎರಡು ಭಾಷೆಯ ಬಗ್ಗೆ ಒಂದು ಸಂತೋಷದ ಸುದ್ದಿಯೂ ಇದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಿಗೆ ಈ ರೋಗ ಸರಾಸರಿ ನಾಲ್ಕೂವರೆ ವರುಷ ತಡವಾಗಿ ಬರುತ್ತದೆ. ಅಕ್ಷರ ಬಾರದವರಲ್ಲೂ ಹೀಗೇ. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ ಆಡುವ ನಮ್ಮ ಹೆಂಗಸರನ್ನು ‘ಎರಡೂ ಸರಿಯಾಗಿ ಬಾರದವರು’ ಎಂದು ನಗುವವರಿಗೆ ಇದನ್ನು ಓದಿ ಹೇಳಬೇಕು. ಏಳನೆಯವರೆಗೆ ಸವಣೂರಿನಲ್ಲಿ ಉರ್ದು ಕಲಿತು ಕನ್ನಡ ಹೈಸ್ಕೂಲಿಗೆ ಬಂದಾಗ ನನ್ನ ‘ಳ’ಕಾರಕ್ಕೆ ನಕ್ಕವರ ಮುಖ ನನಗೆ ಇನ್ನೂ ಮರೆತಿಲ್ಲ. ಅತ್ತೆಗೆ ಈಗ ಕನ್ನಡ ಪೂರ್ತಿ ಹೋಗಿದೆ. ನಲವತ್ತು ವರುಷ ಅವರ ಜೀವದ ಗೆಳತಿಯಾಗಿದ್ದ ಪಕ್ಕದ ಮನೆಯ ಗೌಡಶಾನಿ ಬಂದು ಕೂತರೆ ಇಬ್ಬರೂ ಸುಮ್ಮನೆ ಕೈ ಹಿಡಿದುಕೊಂಡಿರುತ್ತಾರೆ.

ಇನ್ನೊಂದು ತಪ್ಪೊಪ್ಪಿಗೆ. ಬೇಯ್ಲಿಯ ಪುಸ್ತಕ ಬಂದದ್ದು 1998ರಲ್ಲಿ, ಐರಿಸ್ ಬದುಕಿದ್ದಾಗಲೇ. ತನ್ನ ಅತಿ ಖಾಸಗಿ ಅಧೋಗತಿ ಪುಸ್ತಕದ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ ಎಂದು ತಿಳಿಯುವ ಶಕ್ತಿ ಆಕೆಗೆ ಉಳಿದಿರಲಿಲ್ಲ. ಇದು ಸರಿಯೇ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅತ್ತೆಯ ಮನೆಗೆ ಹೋಗುವ ಹಟವನ್ನು ನಾನೂ ಒಂದು ಕತೆ ಮಾಡಿದ್ದೇನೆ. ಅವರ ಮಾತುಗಳನ್ನೇ ಇಟ್ಟಿದ್ದೇನೆ. ಕತೆ ಮೆಚ್ಚುಗೆ ಪಡೆಯಿತು. ಈ ಲೇಖನದಲ್ಲೂ ಅವರ ಒದ್ದೆ ಹಾಸಿಗೆಯನ್ನು ನಿಮಗೆ ತೋರಿಸಿದ್ದೇನೆ. ಆದರೂ ಒಂದು ವ್ಯತ್ಯಾಸ ಹೇಳಬಲ್ಲೆ. ಬೇಯ್ಲಿಗೆ ಬರೆಯಲು ಪುರುಸೊತ್ತು ಸಿಕ್ಕಿತು, ಒಂದಲ್ಲ, ಮೂರು ಪುಸ್ತಕ. ನಾನು ಆರು ವರುಷದಲ್ಲಿ ಬರೆದದ್ದು ಎರಡು ಕತೆ. ಬರೆಯಲು ಬಾರದ ಸೊಸೆಯರ ಲೆಕ್ಕ ಎಲ್ಲೂ ಇಲ್ಲ.

ನಮ್ಮ ಚಿತ್ರಗಳಾದರೂ ಏನು ಮಾಡಿವೆ? ಕನ್ನಡದಲ್ಲಿ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು, ಅನಂತನಾಗ್ ಮನ ಕಲಕುವಂತೆ ಮಾಡಿದರು. ಆದರೆ ಅಲ್ಲಿ ಹೆಂಡತಿ ತೀರಿಹೋಗಿದ್ದಾಳೆ, ಮುದುಕ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿದ್ದಾನೆ. ಮನೆಯ ಒಳಗೆ ದಿನಾ ಉಣಿಸುವ ಹೆಣ್ಣು ಚೌಕಟ್ಟಿನಲ್ಲೇ ಇಲ್ಲ. ಅಂಥ ಹೆಣ್ಣನ್ನು ನಾನು ಕಂಡದ್ದು ಸುಮಿತ್ರಾ ಭಾವೆ ಮತ್ತು ಸುನೀಲ ಸುಕ್ತಣಕರ್ ಅವರ ಮರಾಠಿ ಚಿತ್ರ ‘ಅಸ್ತು’ವಿನಲ್ಲಿ. ಮರೆವಿಗೆ ಸಿಕ್ಕ ಸಂಸ್ಕೃತ ಪಂಡಿತ, ಮೋಹನ ಅಗಾಶೆ ಮಾಡಿದ್ದು, ಬೀದಿಯಲ್ಲಿ ಆನೆಯ ಹಿಂದೆ ನಡೆದು ಕಳೆದುಹೋಗುತ್ತಾನೆ. ಅವನನ್ನು ಮಗುವಿನಂತೆ ಸಂಬಾಳಿಸುವವಳು ಆನೆಯವನ ಹೆಂಡತಿ ಚನ್ನಮ್ಮ. ಅವಳು ಆಡುವುದು ಕನ್ನಡ! ಆ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಪಂಡಿತನ ಭಾಷೆ ಅವಳಿಗೆ ತಿಳಿಯದು, ಅವಳದು ಅವನಿಗೆ. ಹಸಿವು ಮಾತ್ರ ತಿಳಿಯುತ್ತದೆ.

ಸರಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮಿದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿತು, ಒಳ್ಳೆಯದು. ಮಕ್ಕಳು ತಂದೆತಾಯಿಯನ್ನು ಸಾಕಲೇಬೇಕೆಂಬ ಕಾಯ್ದೆ 2007ರಿಂದ ಇದೆ, ಅದೂ ಒಳ್ಳೆಯದು. ನನಗೆ ಬೇಕಾದದ್ದು ಇದಕ್ಕಿಂತ ಸಣ್ಣದು. ತಾಲೂಕು ಆಸ್ಪತ್ರೆಯಲ್ಲಿ ಮರೆವೆಂದು ಬಂದ ಮುದುಕಿಯ ರಕ್ತ ಪರೀಕ್ಷೆ ಮಾಡಿ, ಅವಳ ಮನೆಮಾತಿನಲ್ಲಿ ನಾಲ್ಕು ಪ್ರಶ್ನೆ ಕೇಳುವ ಒಬ್ಬರು. ವಾರದಲ್ಲಿ ಎರಡು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಂಥವರನ್ನು ಕೂರಿಸಿಕೊಳ್ಳುವ ಒಂದು ಕೋಣೆ. ನಮ್ಮ ಶಾದಿಮಹಲುಗಳು, ಕಲ್ಯಾಣಮಂಟಪಗಳು ವರುಷದಲ್ಲಿ ಎಷ್ಟು ದಿನ ಖಾಲಿ ಬಿದ್ದಿರುತ್ತವೆ ಎಂದು ಅವುಗಳ ಕಮಿಟಿಯವರೇ ಹೇಳಲಿ. ಮತ್ತು ಹೊಟ್ಟೆಯ ಮಕ್ಕಳು, ಪಾದ ಮುಟ್ಟುವುದರ ಜೊತೆಗೆ, ಸೀರೆ ಬದಲಿಸುವುದನ್ನೂ ಕಲಿಯಲಿ. ನಾಚಿಕೆ ಎನ್ನುತ್ತಾರೆ. ಅವರನ್ನು ತೊಳೆದು ಬಳಿದು ಬೆಳೆಸಿದಾಗ ಆಕೆ ನಾಚಿಕೊಂಡಿರಲಿಲ್ಲ.

ಹಾನಗಲ್ಲಿನ ಅಧ್ಯಾಪಕರು ಮೊನ್ನೆ ಫೋನ್ ಮಾಡಿದ್ದರು. “ಆಪಾ, ಆ ಅಸ್ತು ಪಿಕ್ಚರ್ ಹಾಕೋಣೇನ್ರಿ ಮುಂದಿನ ಸಲ?” ಎಂದರು. ಹಾಕೋಣ ಸರ್, ಆದರೆ ಆ ಸಂಜೆ ನೀವೆಲ್ಲ ನಿಮ್ಮ ನಿಮ್ಮ ಮನೆಯ ಹಿರಿಯರ ಹತ್ತಿರ ಕೂತಿರಿ, ಚಿತ್ರ ನೋಡಲು ನಿಮ್ಮ ಮನೆಯವರನ್ನು ಕಳಿಸಿ, ಮಿರ್ಚಿ ನಾವು ಹೊರಗಿನಿಂದ ತರಿಸುತ್ತೇವೆ ಎಂದೆ. ನಕ್ಕರು. ದಿನ ಗೊತ್ತುಮಾಡಿ ತಿಳಿಸುತ್ತೇನೆ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ.